ಗಾಳಿ ಸವಕಳಿಯ ಲೆಕ್ಕ ಕೊನೆಗೂ ಹೊಂದಿದ ಬಗೆ

ಬೇಸಾಯದ ಕ್ರಮ ಬದಲಾದಾಗ ಗಾಳಿ ಹೊರುವ ಮಣ್ಣು ಎಷ್ಟು ಬದಲಾಗುತ್ತದೆಂಬುದನ್ನು ಒಂದೊಂದು ಬಿರುಗಾಳಿಯ ಮಟ್ಟಕ್ಕೆ ಕಂಪ್ಯೂಟರಿನಲ್ಲಿ ಹಿಡಿಯಲಾಗದು, ವರ್ಷದ ಸರಾಸರಿಯೇ ಗತಿ ಎಂದು ಜೊತೆಯವರು ಹೇಳುತ್ತಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ವರ್ಷದ ಸರಾಸರಿ ಕೊಡುವ 1965ರ ಹಳೆಯ ಗಾಳಿ ಸವಕಳಿ ಸಮೀಕರಣವನ್ನು ಬಿಟ್ಟು, ದಿನದಿನವೂ ಹೊಲದ ಸ್ಥಿತಿಯನ್ನು ಲೆಕ್ಕ ಹಾಕುವ ವೆಪ್ಸ್ ಎಂಬ ಕಂಪ್ಯೂಟರ್ ಮಾದರಿಗೆ ಬಂದ ಮೇಲೂ, ಗಾಳಿ ಹೊತ್ತ ಮಣ್ಣನ್ನು ಹಿಡಿಯಲು ಹೊಲದಲ್ಲಿ ನಿಲ್ಲಿಸಿದ ಬಲೆಗಳಲ್ಲಿ ಕೂಡಿದ ಮಣ್ಣಿಗೂ ನನ್ನ ಅಂಕಿಗೂ ಮೂರು ನಾಲ್ಕು ಪಟ್ಟು ಅಂತರವಿತ್ತು.

ಮೊದಲ ತಪ್ಪು ಗಾಳಿಯ ಕಡತದಲ್ಲಿತ್ತು. ಗಂಟೆಗಂಟೆಯ ದಾಖಲೆಯನ್ನು ನಾನು ದಿನದ ಸರಾಸರಿಗೆ ಇಳಿಸಿದ್ದೆ. ಮಣ್ಣಿನ ಸಾಗಾಟ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಎರಡು ಗಂಟೆ ಸೆಕೆಂಡಿಗೆ 12 ಮೀಟರ್ ಬೀಸಿ ಉಳಿದ ಹೊತ್ತು ತಣ್ಣಗಿದ್ದ ದಿನ ನನ್ನ ಲೆಕ್ಕದಲ್ಲಿ ಮಣ್ಣೇ ಏಳದ ದಿನವಾಗಿ ಬಿಡುತ್ತಿತ್ತು.

ಹಣ ಹೋದದ್ದು ಬೇರೆಡೆ. ಉಪಕರಣಗಳ ಅನುದಾನದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಣಗಳ ಬಡಿತವನ್ನು ಎಣಿಸುವ ಸಂವೇದಕಗಳಿಗೆ ಸುರಿದೆ. ಅವುಗಳಲ್ಲಿ ಎರಡು ಒಂದೇ ಹಂಗಾಮಿನಲ್ಲಿ ಮರಳು ತಿಂದು ಕೆಟ್ಟವು. ಲೆಕ್ಕವನ್ನು ಸರಿಪಡಿಸಿದ್ದು ಜರಡಿ. ಸುಮಾರು 0.84 ಮಿಲಿಮೀಟರಿಗಿಂತ ದಪ್ಪದ ಹೆಂಟೆಯನ್ನು ಗಾಳಿ ಎತ್ತಲಾರದೆಂದು ಎಲ್ಲರಿಗೂ ಗೊತ್ತು, ಆದರೆ ಅದರ ಪಾಲನ್ನು ಮಣ್ಣಿನ ಜಾತಿ ನೋಡಿ ತುಂಬುವ ಬದಲು ಪ್ರತಿ ಉಳುಮೆಯ ಮರುದಿನ ಅಳೆಯಬೇಕು. ನಾವು ಮೊದಲು ಕೈಜರಡಿಯಲ್ಲಿ ಆಡಿಸಿದಾಗ ಹೆಂಟೆಗಳು ಪುಡಿಯಾಗಿ, ಮಾದರಿ ಸವಕಳಿಯನ್ನು ಅತಿಯಾಗಿ ತೋರಿಸಿತು. ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣನ್ನು ಚಪ್ಪಟೆ ಸಲಿಕೆಯಲ್ಲಿ ಅಲುಗಿಸದೆ ತೆಗೆದು, ನೆರಳಲ್ಲಿ ಒಣಗಿಸಿ, ತಿರುಗುಜರಡಿಗೆ ಹಾಕಿದ ಮೇಲೆ ಅಂಕಿ ನಿಂತಿತು.

ಕೂಳೆಯಲ್ಲೂ ಎಡವಿದ್ದೆ. ಎಲ್ಲವನ್ನೂ ನೆಲಕ್ಕೊರಗಿದ ಹೊಟ್ಟಿನ ತೂಕದಲ್ಲಿ ಬರೆದಿದ್ದೆ. ಗಾಳಿ ನೆಲ ಮುಟ್ಟುವ ಮುನ್ನವೇ ನಿಂತ ಕಡ್ಡಿ ಅದರ ರಭಸವನ್ನು ಹೀರುತ್ತದೆ. ಆದ್ದರಿಂದ ಎತ್ತರ, ದಪ್ಪ, ಚದರ ಮೀಟರಿಗೆ ಇರುವ ಕಡ್ಡಿಗಳ ಸಂಖ್ಯೆ ಇವನ್ನು ಬೇರೆಯಾಗಿ ಕೊಡಲೇಬೇಕು. ಇಷ್ಟಾದ ಮೇಲೆ ಹದಿನೇಳು ಬಿರುಗಾಳಿಗಳಲ್ಲಿ ಹದಿನಾಲ್ಕು, ನೆನಪಿದ್ದಂತೆ, ಮೂರನೇ ಒಂದು ಪಾಲಿನ ವ್ಯತ್ಯಾಸದೊಳಗೆ ಬಂದವು. ಇಷ್ಟು ಹತ್ತಿರದ ಹೊಂದಾಣಿಕೆಯನ್ನು ನಮ್ಮ ಗುಂಪಿನಲ್ಲಿ ಬೇರೆ ಯಾರೂ ಪಡೆದಿರಲಿಲ್ಲ.

ಮಳೆಯ ನಂತರ ಕಟ್ಟುವ ಗಟ್ಟಿ ಪದರದ ಮೇಲಿನ ಸಡಿಲ ಮಣ್ಣನ್ನು ನಾನು ಅಂದಾಜಿಸುವ ಬಗೆಯನ್ನು ಇನ್ನೂ ಎರಡು ಹಂಗಾಮು ಪರೀಕ್ಷಿಸದೆ ಹೇಳಲಾರೆ.

ನಡುವೆ ಗಾಳಿಗೆ ಅಡ್ಡವಾಗಿ ಏರುಸಾಲು ಎತ್ತಿಸಿ ನೋಡಿದೆ. ದಿಕ್ಕು ತಿರುಗಿ ಗಾಳಿ ಸಾಲಿನುದ್ದಕ್ಕೂ ಬೀಸಿದ ಒಂದೇ ಸಂಜೆಯಲ್ಲಿ ಆ ಲಾಭವೆಲ್ಲ ಕರಗಿತು. ಬಲೆಯೂ ಮಾದರಿಯೂ ಒಂದನ್ನೇ ಹೇಳಿದವು. ಈಗ ಅದೇ ಹೊಲದ ಅರ್ಧದಲ್ಲಿ ಕೂಳೆಯನ್ನು ಮೊಣಕಾಲೆತ್ತರಕ್ಕೆ, ಇನ್ನರ್ಧದಲ್ಲಿ ಗೇಣೆತ್ತರಕ್ಕೆ ಬಿಟ್ಟು ಬಲೆಗಳನ್ನು ನಿಲ್ಲಿಸಿದ್ದೇನೆ.