ಕುಮಾರಪರ್ವತದ ದಾರಿಯಲ್ಲಿ ಆರೇಳು ವ್ಯಾಟ್: ನನ್ನ ಅನುಭವ

ಗಿರಿಗದ್ದೆ ದಾಟಿ ಕಲ್ಲುಮಂಟಪದ ಕಡೆ ಏರುವ ಹುಲ್ಲುಗಾವಲಿನಲ್ಲಿ ಕೂತು, ಹವ್ಯಾಸಿ (ಹ್ಯಾಮ್) ರೇಡಿಯೋದ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್), ಎಸ್‌ಎಸ್‌ಬಿ ಅನ್ನುವ ಧ್ವನಿ ವಿಧಾನದಲ್ಲಿ ಬೆಂಗಳೂರಿನ ಜೊತೆ ಆರಾಮಾಗಿ ಮಾತಾಡಬಹುದು. ಅದೂ ಆರೇಳು ವ್ಯಾಟ್‌ನಲ್ಲಿ. ಇದು ಆಗಲ್ಲ ಅಂದವರೇ ಜಾಸ್ತಿ. ‘ಹ್ಯಾಂಡಿ (ಕೈರೇಡಿಯೋ) ಒಂದು ತಗೊಂಡು ಹೋಗು, ರಿಪೀಟರ್ (ಸಿಗ್ನಲ್ ಮರುಪ್ರಸಾರ ಮಾಡುವ ಸ್ಟೇಷನ್) ಸಿಗುತ್ತೆ, ಅಷ್ಟೇ ನಿನ್ನ ಬೆಟ್ಟ’ ಅಂತ ಹಿರಿಯ ಹ್ಯಾಮ್ ಒಬ್ಬರು ಹೇಳಿದ್ದರು. ಈಗ ಅವರ ಲಾಗ್‌ಬುಕ್‌ನಲ್ಲೇ ನನ್ನ ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಇದೆ, 5-7 ರಿಪೋರ್ಟ್ ಜೊತೆ. ಅಂದರೆ ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ಸಾಕಷ್ಟು ಗಟ್ಟಿ.

ರೇಡಿಯೋ ಬಿಟ್‌ಎಕ್ಸ್ 40. ನಮ್ಮ ಹೈದರಾಬಾದಿನ ಅಶ್ಹರ್ ಫರ್ಹಾನ್ (ಕಾಲ್‌ಸೈನ್ ವಿಯು2ಇಎಸ್‌ಇ) ಅವರ ವಿನ್ಯಾಸ. ಬೋರ್ಡ್, ಡಬ್ಬ, ಮೈಕು, ಸ್ಪೀಕರ್ ಎಲ್ಲಾ ಸೇರಿ ಆರು ಸಾವಿರದ ಆಸುಪಾಸು ಆಗಿತ್ತು. ಅದರ ಪವರ್ ಟ್ರಾನ್ಸಿಸ್ಟರ್ ಐಆರ್‌ಎಫ್510ಗೆ ಸ್ವಲ್ಪ ದೊಡ್ಡ ಹೀಟ್‌ಸಿಂಕ್ ಹಾಕಿದ್ದು ಬಿಟ್ಟರೆ ಅದರಲ್ಲಿ ಬೇರೇನೂ ಮುಟ್ಟಿಲ್ಲ.

ದುಡ್ಡು ಸುಮ್ಮನೆ ಹೋಗಿದ್ದು ಆಂಟೆನಾಗೆ. ಮೊದಲ ಚಳಿಗಾಲ ಪೂರ್ತಿ ಲೋಡೆಡ್ ವರ್ಟಿಕಲ್ (ಕಾಯಿಲ್ ಹಾಕಿ ಗಿಡ್ಡ ಮಾಡಿದ, ನೆಟ್ಟಗೆ ನಿಲ್ಲುವ ಆಂಟೆನಾ) ಹೊತ್ತೆ. ಕಾಯಿಲ್, ರಾಡು, ನೆಲಕ್ಕೆ ಹರಡುವ ರೇಡಿಯಲ್ ತಂತಿಗಳು, ಎಲ್ಲಾ ಸೇರಿ ನಾಲ್ಕು ಸಾವಿರದ ಹತ್ತಿರ ಖರ್ಚು, ಬೆನ್ನಿಗೆ ಎರಡು ಕಿಲೋ ಜಾಸ್ತಿ ಭಾರ. ಕೊಲಂಬೊ ಕೇಳುತ್ತಿತ್ತು, ಬೆಂಗಳೂರು ಮಾತ್ರ ಇಲ್ಲ. ಕಾರಣ ಇಷ್ಟೇ. ವರ್ಟಿಕಲ್ ನೇರ ಮೇಲಕ್ಕೆ ಏನೂ ಕಳಿಸಲ್ಲ. ಬೆಂಗಳೂರು ಅಲ್ಲಿಂದ ನೇರ ಗೆರೆಯಲ್ಲಿ ಇನ್ನೂರು ಕಿಲೋಮೀಟರ್ ಚಿಲ್ಲರೆ. ಅಷ್ಟು ಹತ್ತಿರಕ್ಕೆ ಸಿಗ್ನಲ್ ನೆತ್ತಿಯ ಮೇಲೆ ಹೋಗಿಯೇ ಇಳಿಯಬೇಕು.

ಹಾಗಾಗಿ ತಂತಿಯನ್ನು ಕೆಳಗಿಳಿಸಿದೆ. ಎಂಡ್‌ಫೆಡ್ ಹಾಫ್‌ವೇವ್ (ಒಂದು ತುದಿಯಿಂದ ಸಿಗ್ನಲ್ ಕೊಡುವ, ಅರ್ಧ ತರಂಗದಷ್ಟು ಉದ್ದದ ಆಂಟೆನಾ), ಇಪ್ಪತ್ತು ಮೀಟರ್ ತಂತಿ, ನಡುವೆ ಒಂದೇ ಒಂದು ಕೋಲು, ಎತ್ತರ ನಾಲ್ಕೂವರೆ ಮೀಟರ್. ಎರಡೂ ತುದಿ ಸೊಂಟದ ಎತ್ತರಕ್ಕೆ. ನೀರಿನ ಪೈಪನ್ನು ನೇರ ಮೇಲಕ್ಕೆ ಹಿಡಿದರೆ ನೀರು ಸುತ್ತಲೂ ಬೀಳುತ್ತಲ್ಲ, ಹಾಗೆ. ನಾವಿರುವುದು ಭೂಕಾಂತೀಯ ಸಮಭಾಜಕದ ಹತ್ತಿರ. ಹಾಗಾಗಿ ಹಗಲಲ್ಲಿ ಅಯಾನುಗೋಲ (ವಾತಾವರಣದ ಮೇಲ್ಭಾಗದ ವಿದ್ಯುತ್‌ಕಣಗಳ ಪದರ) 7 ಮೆಗಾಹರ್ಟ್ಸ್ ಅನ್ನು ನೆತ್ತಿಯಿಂದಲೇ ವಾಪಸ್ ಕಳಿಸುತ್ತದೆ. ಮೊದಲ ಬೆಳಿಗ್ಗೆಯೇ ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ರೇಡಿಯೋದಲ್ಲಿ ಬಂದರು. ಆಮೇಲೆ ಕೊಯಮತ್ತೂರು, ಹುಬ್ಬಳ್ಳಿ, ಕೊನೆಗೆ ಬೆಂಗಳೂರು.

ಹಳ್ಳಿಯವರು ಮೊದಲು ಬರುವುದಕ್ಕೂ ಕಾರಣ ಇದೆ. ಬೆಟ್ಟದ ಮೇಲೆ ನನ್ನ ನಾಯ್ಸ್ (ರೇಡಿಯೋ ಗದ್ದಲ) ಸಿಗ್ನಲ್ ಮೀಟರಿನಲ್ಲಿ ಎಸ್1 ಕೂಡ ಇರಲ್ಲ, ಎಲ್ಲರೂ ಸ್ಫಟಿಕದ ಹಾಗೆ ಕೇಳುತ್ತಾರೆ. ಹಳ್ಳಿಗಳಲ್ಲೂ ಅದು ಕಡಿಮೆ. ಬೆಂಗಳೂರಿನವರ ಮನೆಯಲ್ಲಿ ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್ ಸೇರಿ ಎಸ್7, ಎಸ್8. ನನ್ನ ಸಿಗ್ನಲ್ ಅದರ ಕೆಳಗೆ ಮುಳುಗಿರುತ್ತದೆ. ಅದಕ್ಕೇ ಸುಮ್ನೆ ಸಿಕ್ಯು (‘ಯಾರಾದರೂ ಇದ್ದೀರಾ’ ಅನ್ನುವ ಕರೆ) ಕೂಗುತ್ತಾ ಕೂರುವುದಿಲ್ಲ. ಮೊದಲು ಒಬ್ಬ ಹಳ್ಳಿಯ ಸ್ಟೇಷನ್ ಹಿಡಿಯುತ್ತೇನೆ, ‘ಇವರು ಕ್ಯೂಆರ್‌ಪಿ (ಕಡಿಮೆ ಪವರ್), ಸ್ವಲ್ಪ ಕಿವಿಗೊಡಿ’ ಅಂತ ಅವರಿಂದ ಹೇಳಿಸುತ್ತೇನೆ. ಆಮೇಲೆ ನಗರದವರು ಫಿಲ್ಟರ್ ಬಿಗಿ ಮಾಡಿ ಹುಡುಕುತ್ತಾರೆ.

ಕೋಲಿನದೇ ಒಂದು ಕಥೆ. ಹುಲ್ಲುಗಾವಲಲ್ಲಿ ಮರ ಇಲ್ಲ, ಶೋಲಾ ಕಾಡಿನ ಮರಗಳಿಗೆ ಹಗ್ಗ ಎಸೆಯುವುದು ನನಗೆ ಇಷ್ಟವಿಲ್ಲ, ಅಭಯಾರಣ್ಯ ಅದು. ಪುತ್ತೂರಿನ ಗೆಳೆಯರ ತೋಟದಲ್ಲಿ ಅಡಿಕೆ ಕೊಯ್ಯುವ ಕಾರ್ಬನ್ ದೋಟಿ ನೋಡಿ ಆಸೆಯಾಯ್ತು. ಎಷ್ಟು ಹಗುರ, ಎಷ್ಟು ಉದ್ದ! ತೋಟದಲ್ಲೇ ತಂತಿ ಕಟ್ಟಿ ನೋಡಿದೆವು. ಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಾಣಿಕೆಯ ಅಳತೆ, 1ರ ಹತ್ತಿರ ಇದ್ದಷ್ಟು ಒಳ್ಳೆಯದು) 1.4 ಇದ್ದದ್ದು 3 ದಾಟಿತು. ಕಾರ್ಬನ್ ವಿದ್ಯುತ್ ಹರಿಸುತ್ತದೆ, ತಂತಿಯ ಪಕ್ಕ ಇನ್ನೊಂದು ತಂತಿ ನಿಲ್ಲಿಸಿದಂತೆಯೇ. ಒಂದು ಮೀಟರ್ ನೈಲಾನ್ ಹಗ್ಗದಲ್ಲಿ ದೂರ ಮಾಡಿದಾಗ 2ರ ಒಳಗೆ ಬಂತು. ಆದರೆ ಹತ್ತಾರು ಸಾವಿರದ ದೋಟಿಯನ್ನು ಬೆಟ್ಟಕ್ಕೆ ಕೊಡುವವರು ಯಾರು? ಕೊನೆಗೆ ಮಂಗಳೂರಲ್ಲಿ ಎಂಟುನೂರು ರೂಪಾಯಿಗೆ ಫೈಬರ್‌ಗ್ಲಾಸ್ ಗಾಳದ ಕೋಲು ಸಿಕ್ಕಿತು. ಕೊಳ್ಳುವಾಗ ‘ಕಾರ್ಬನ್ ಮಿಕ್ಸ್’ ಅಂತ ಬರೆದಿದೆಯಾ ನೋಡಿಕೊಳ್ಳಿ. ಇದ್ದರೆ ಬೇಡ. ತುದಿಯ ಎರಡು ಗೆಣ್ಣು ಗಾಳಿಗೆ ಬಾಗುತ್ತವೆ, ಅವನ್ನು ತೆಗೆದು ಮನೆಯಲ್ಲೇ ಇಟ್ಟಿದ್ದೇನೆ. ಬಂಡೆಯ ಮೇಲೆ ಮೊಳೆ ಹೊಡೆಯದೆ ಕೋಲು ನಿಲ್ಲಿಸುವ ನನ್ನ ಉಪಾಯ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತಂತಿಯನ್ನು ರೇಡಿಯೋಗೆ ಹೊಂದಿಸುವ ಟ್ರಾನ್ಸ್‌ಫಾರ್ಮರ್ 49:1, ಎಫ್‌ಟಿ140-43 ಅನ್ನುವ ಫೆರೈಟ್ ಉಂಗುರದ ಕೋರ್. ಎಲ್ಲರೂ ಪ್ರೈಮರಿಯ 2ಕ್ಕೆ ಸೆಕೆಂಡರಿಯ 14 ಸುತ್ತು ಅನ್ನುತ್ತಾರೆ. ಅದು 40 ಮೀಟರ್‌ಗೆ ಸಾಲದು, ಕೋರೇ ಪವರ್ ತಿನ್ನುತ್ತದೆ. ಒಂದು ನಿಮಿಷ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಕೊಟ್ಟು, ನಿಲ್ಲಿಸಿದ ಮೇಲೆ ಕೋರಿಗೆ ಬೆರಳಿಟ್ಟು ನೋಡಿ, ಬೆಚ್ಚಗಾಗಿರುತ್ತದೆ. 3ಕ್ಕೆ 21 ಸುತ್ತಿ. ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಕೆಪಾಸಿಟರ್, ಹೆಚ್ಚು ವೋಲ್ಟೇಜಿನದು. ತಂತಿಯ ತುದಿಯಲ್ಲಿ ಏಳು ವ್ಯಾಟ್‌ಗೇ ನೂರು ವೋಲ್ಟ್ ದಾಟುತ್ತದೆ, ಮುಟ್ಟಿದರೆ ಚುರುಕ್ ಅನ್ನುತ್ತದೆ. ಚಾರಣಿಗರ ದಾರಿಯಿಂದ ದೂರ ಕಟ್ಟಿ, ತುದಿಗಳಿಗೆ ಬಣ್ಣದ ರಿಬ್ಬನ್ ಹಾಕಿ.

ಬ್ಯಾಟರಿ ಮೊದಲು 7 ಆಂಪಿಯರ್ ಅವರ್ ಲೆಡ್ ಆಸಿಡ್. ಎರಡು ಕಿಲೋಗೂ ಜಾಸ್ತಿ. ಕುಕ್ಕೆಯಿಂದ ಭೀಮನ ಬಂಡೆವರೆಗಿನ ಕಾಡಿನ ಏರಲ್ಲೇ ಭುಜ ಕಿತ್ತು ಬರುತ್ತಿತ್ತು. ಈಗ 32700 ಅಳತೆಯ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಒಂದು ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್). ಸಾವಿರದ ಐನೂರರ ಒಳಗೆ ಮುಗಿಯಿತು, ತೂಕ ಆರುನೂರು ಗ್ರಾಂ. ಇಡೀ ದಿನ ಮಾತಾಡಿದರೂ ಅರ್ಧ ಉಳಿಯುತ್ತದೆ.

ಶಿಖರದವರೆಗೆ ಹೋಗುವ ಆಸೆ ಬಿಡಿ. 1,712 ಮೀಟರ್ ಎತ್ತರ ಹ್ಯಾಂಡಿಯ ವಿಎಚ್‌ಎಫ್ ತರಂಗಕ್ಕೆ ಬೇಕು, 40 ಮೀಟರ್ ಬ್ಯಾಂಡಿಗೆ ಬೇಕಿಲ್ಲ. ಮೇಲೆ ಟೆಂಟ್ ಹಾಕುವ ಹಾಗೂ ಇಲ್ಲ, ಕತ್ತಲಾಗುವ ಮೊದಲು ಇಳಿಯಲೇಬೇಕು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು ಮಾತಾಡಲು ಒಳ್ಳೆಯ ಸಮಯ. ನಡು ಮಧ್ಯಾಹ್ನ ಅಯಾನುಗೋಲದ ಕೆಳಗಿನ ಡಿ ಪದರ ಸಿಗ್ನಲ್ ನುಂಗುತ್ತದೆ, ಆಗ ಗಿರಿಗದ್ದೆ ಭಟ್ಟರ ಮನೆಗೆ ಇಳಿದು ಅನ್ನ, ಸಾಂಬಾರು, ಮಜ್ಜಿಗೆ. ಎರಡೂವರೆಗೆ ಬ್ಯಾಂಡ್ ಮತ್ತೆ ತೆರೆಯುತ್ತದೆ. ಡಿಸೆಂಬರ್, ಜನವರಿ ಸರಿ. ಮಳೆಗಾಲದಲ್ಲಿ ಉಂಬಳ, ಏಪ್ರಿಲ್, ಮೇನಲ್ಲಿ ಸಿಡಿಲು. ಬಯಲು ಹುಲ್ಲಲ್ಲಿ ಕೋಲು ನಿಲ್ಲಿಸಿ ಸಿಡಿಲಿಗೆ ಕಾಯಬೇಡಿ.

ಹ್ಯಾಮ್ ಲೈಸೆನ್ಸ್ ಪ್ರತಿ ಮತ್ತು ಚಾರಣದ ಅನುಮತಿ ಜೊತೆಗಿರಲಿ. ಅರಣ್ಯ ಇಲಾಖೆಯ ಗೇಟಿನಲ್ಲಿ ‘ಎಂತ ಮಾರಾಯ್ರೆ ಇದು, ವಯರೆಲ್ಲ?’ ಅಂತ ಕೇಳಿದರು. ಲೈಸೆನ್ಸ್ ತೋರಿಸಿ, ಕಾಡಿಗೆ ಏನೂ ಕಟ್ಟಲ್ಲ ಅಂದಮೇಲೆ ಬಿಟ್ಟರು.

ಈಗ ಮೈಕ್ರೋಬಿಟ್‌ಎಕ್ಸ್, ಅಂದರೆ ಇದೇ ರೇಡಿಯೋದ ಹಲವು ಬ್ಯಾಂಡಿನ ರೂಪ, ತರಿಸಿದ್ದೇನೆ. ಇದೇ ತಂತಿ 20 ಮೀಟರ್ ಬ್ಯಾಂಡಿನಲ್ಲೂ ಟ್ಯೂನ್ ಆಗುತ್ತದೆ. ಅಲ್ಲಿ ಇಳಿಜಾರು ಅರಬ್ಬೀ ಸಮುದ್ರದ ಕಡೆ ಇರುವುದು ಲಾಭವೇ ಆಗಬೇಕು. ಮುಂದಿನ ಚಳಿಗಾಲ ಮಸ್ಕತ್‌ನಲ್ಲಿರುವ ನಮ್ಮವರು ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಕೇಳಿ ನೋಡಿ.