ಮೈಕ್ರಾನ್ ಲೆಕ್ಕದ ಲೋಹಗೆಲಸ: ಮೊದಲು ಏನು ಕಲಿಯಬೇಕು, ಕಲಿತವರಿಗೆ ಏನು ಕೆಲಸ

ನಿಖರ ಲೋಹಗೆಲಸ ಕಲಿಯಲು ಬಂದವರ ಕಣ್ಣು ನೇರ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದ ಮೇಲೆ ಬೀಳುತ್ತದೆ. ಕಲಿಯುವ ಕ್ರಮ ಮಾತ್ರ ಅದಕ್ಕೆ ತಿರುಗುಮುರುಗು. ಮೊದಲು ಅಳತೆ, ಆಮೇಲೆ ಅರ, ನಂತರ ಲೇಥ್ (ಲೋಹದ ತುಂಡು ತಿರುಗುತ್ತದೆ), ಮಿಲ್ಲಿಂಗ್ (ಟೂಲ್ ತಿರುಗುತ್ತದೆ), ಗ್ರೈಂಡಿಂಗ್ (ಸಾಣೆ), ಕೊನೆಗೆ ಸಿಎನ್‌ಸಿ. ಜಾಬ್ (ಕೆಲಸಕ್ಕೆ ಹಿಡಿದ ತುಂಡು) ಕೆಟ್ಟಾಗ ಪ್ರೋಗ್ರಾಂ ತಪ್ಪಿತೇ, ಯಂತ್ರ ತಪ್ಪಿತೇ, ಅಳೆದವನ ಕೈ ತಪ್ಪಿತೇ ಎಂದು ಪತ್ತೆ ಹಚ್ಚುವುದೇ ಈ ವಿದ್ಯೆಯ ಮುಕ್ಕಾಲು ಪಾಲು. ಅಳತೆ ಬಾರದವರಿಗೆ ಆ ಪತ್ತೆ ಎಂದೂ ಸಿಗುವುದಿಲ್ಲ.

ಅಳತೆ

ಡ್ರಾಯಿಂಗ್‌ನಲ್ಲಿ 25 ಎಚ್7 (ದೊಡ್ಡಕ್ಷರದ ಎಚ್, ತೂತಿನ ಗುರುತು) ಎಂದಿದ್ದರೆ ಆ ತೂತು 25.000 ಮತ್ತು 25.021 ಮಿ.ಮೀ. ನಡುವೆ ಇರಬೇಕು. ಅದರಲ್ಲಿ ಜಾರುವ ಶಾಫ್ಟ್ 25 ಜಿ6 ಆಗಿದ್ದರೆ ಅದರ ವ್ಯಾಸ 24.980ರಿಂದ 24.993. ಎರಡರ ನಡುವಿನ ಸಂದು ಕಡಿಮೆಯೆಂದರೆ 7 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.), ಹೆಚ್ಚೆಂದರೆ 41. ಈಗ ನಿಮ್ಮ ಕೈಯ ವರ್ನಿಯರ್ ನೋಡಿ: ಅದು ತೋರಿಸಬಲ್ಲ ಅತಿ ಚಿಕ್ಕ ಅಳತೆಯೇ 20 ಮೈಕ್ರಾನ್. ತೂತಿಗೆ ಕೊಟ್ಟ ಇಡೀ ಅವಕಾಶ ಅದರ ಒಂದು ಗೆರೆಯಲ್ಲಿ ಮುಗಿದುಹೋಗುತ್ತದೆ. ಉಪಕರಣ ಈ ಅವಕಾಶಕ್ಕಿಂತ, ಅಂದರೆ ಟಾಲರೆನ್ಸ್‌ಗಿಂತ ಹತ್ತು ಪಟ್ಟು ಸೂಕ್ಷ್ಮವಾಗಿರಬೇಕು. ಅದಾಗದಿದ್ದರೆ ನಾಲ್ಕು ಪಟ್ಟಾದರೂ.

ಮೊದಲ ವಾರದ ಅಭ್ಯಾಸ ಇಷ್ಟೇ. 0–25 ಮೈಕ್ರೋಮೀಟರಿನ ಬಾಯಲ್ಲಿ ತೆಳು ಕಾಗದ ಹಗುರಾಗಿ ಹಿಡಿದು ಎಳೆಯಿರಿ, ಅಳೆಯುವ ಮುಖಗಳ ಎಣ್ಣೆ, ಧೂಳು ಕಾಗದಕ್ಕೆ ಬರುತ್ತದೆ. ಮುಚ್ಚಿ ಸೊನ್ನೆ ನೋಡಿ. 10 ಮಿ.ಮೀ. ಸ್ಲಿಪ್ ಗೇಜನ್ನು (ನಿಖರ ದಪ್ಪದ ಅಳತೆಯ ತುಂಡು) ಪ್ರತಿ ಸಲ ಬಿಟ್ಟು ಮತ್ತೆ ಹಿಡಿದು 20 ಬಾರಿ ಅಳೆದು ಬರೆಯಿರಿ. ಬಂದ ಅಂಕಿಗಳು 0.01ಕ್ಕಿಂತ ಹೆಚ್ಚು ಚದುರಿದ್ದರೆ ದೋಷ ಉಪಕರಣದ್ದಲ್ಲ, ಸಾಮಾನ್ಯವಾಗಿ ಕೈಯದು: ರ‍್ಯಾಚೆಟ್ (ಒತ್ತಡ ಮೀರದಂತೆ ಜಾರುವ ತುದಿಯ ಗುಬ್ಬಿ) ಬಿಟ್ಟು ತಿರುಗುವ ಥಿಂಬಲನ್ನೇ ಬಿಗಿ ಮಾಡುತ್ತಿರುತ್ತೀರಿ, ಇಲ್ಲವೇ ಗೇಜನ್ನು ಓರೆಯಾಗಿ ಹಿಡಿದಿರುತ್ತೀರಿ.

ಶಾಖದ ಮೋಸ ಇದಕ್ಕಿಂತ ದೊಡ್ಡದು. ಎಲ್ಲ ಅಳತೆಗಳೂ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. 100 ಮಿ.ಮೀ. ಉಕ್ಕು 10 ಡಿಗ್ರಿ ಕಾದರೆ ಸುಮಾರು 11.5 ಮೈಕ್ರಾನ್ ಉದ್ದವಾಗುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟು. ಲೇಥ್‌ನಿಂದ ಆಗಷ್ಟೇ ಇಳಿಸಿದ 50 ಮಿ.ಮೀ. ಶಾಫ್ಟ್ 50 ಡಿಗ್ರಿ ಬಿಸಿ ಇದ್ದು ಮೈಕ್ರೋಮೀಟರ್ ಸರಿಯಾಗಿ 50.000 ತೋರಿಸಿತು ಎನ್ನಿ. ತಣ್ಣಗಾದ ಮೇಲೆ ಅದು 49.983. ಬೇಕಿದ್ದದ್ದು 50 ಎಚ್6, ಅದೂ ಶಾಫ್ಟಿನ ಸಣ್ಣಕ್ಷರದ ಎಚ್. ಅದರ ಕೆಳಗಿನ ಮಿತಿ 49.984. ಒಂದೇ ಒಂದು ಮೈಕ್ರಾನಿಗೆ ಜಾಬ್ ಗುಜರಿ ಪಾಲು.

ಅರ ಹಿಡಿಯುವುದು

ಇದನ್ನು ಹಳೇ ಕಾಲದ ಶಿಕ್ಷೆ ಎಂದುಕೊಂಡು ತಪ್ಪಿಸಿಕೊಳ್ಳುವವರೇ ಹೆಚ್ಚು. 50×50×10 ಮಿ.ಮೀ. ಮೈಲ್ಡ್ ಸ್ಟೀಲ್ ತುಂಡು ತೆಗೆದುಕೊಂಡು ನಾಲ್ಕು ಅಂಚುಗಳನ್ನೂ ಗುನ್ಯಕ್ಕೆ (ಲಂಬಕೋನಕ್ಕೆ) ತನ್ನಿ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಾಣಬಾರದು. ಮೊದಮೊದಲು ಅಂಚು ನಡುವೆ ಉಬ್ಬಿಯೇ ಉಬ್ಬುತ್ತದೆ, ಏಕೆಂದರೆ ಅರ ಏತದಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ವೈಸ್ ಮೊಣಕೈ ಎತ್ತರಕ್ಕಿರಲಿ. ಹೊಡೆತ ಶುರುವಾಗುವಾಗ ಮುಂದಿನ ಕೈಯಲ್ಲಿ ಒತ್ತಡ, ನಡುವೆ ಎರಡೂ ಕೈಯಲ್ಲಿ ಸಮ, ಕೊನೆಯಲ್ಲಿ ಹಿಡಿಯ ಕೈಯಲ್ಲಿ. ಹಿಂದೆ ಎಳೆಯುವಾಗ ಒತ್ತಬೇಡಿ. ನುಣುಪು ಅರದ ಹಲ್ಲಿಗೆ ಸೀಮೆಸುಣ್ಣ ಬಳಿದರೆ ಲೋಹದ ಕಣ ಸಿಕ್ಕಿಕೊಂಡು ಗೀರು ಬೀಳುವುದು ಕಡಿಮೆಯಾಗುತ್ತದೆ. ಬರ್ (ಕತ್ತರಿಸಿದ ಅಂಚಿನ ಚೂಪು ಎಳೆ) ಉಳಿದ ಅಂಚನ್ನು ಬೆರಳ ತುದಿಯಿಂದ ಗುರುತಿಸುವ ಚಾಳಿ ಇಲ್ಲೇ ಬೆಳೆಯುವುದು.

ಲೇಥ್

ವೇಗದ ಲೆಕ್ಕ ಬಾಯಿಪಾಠವಾಗಲಿ: ಕತ್ತರಿಸುವ ವೇಗವನ್ನು (ನಿಮಿಷಕ್ಕೆ ಮೀಟರ್) 1000ದಿಂದ ಗುಣಿಸಿ, 3.14 ಮತ್ತು ಮಿ.ಮೀ. ವ್ಯಾಸದ ಗುಣಲಬ್ಧದಿಂದ ಭಾಗಿಸಿ. ಹೈಸ್ಪೀಡ್ ಸ್ಟೀಲ್ ಟೂಲ್, ಮೈಲ್ಡ್ ಸ್ಟೀಲ್, ವೇಗ 30 ಮೀಟರ್, ವ್ಯಾಸ 25 ಆದರೆ ನಿಮಿಷಕ್ಕೆ ಸುಮಾರು 380 ಸುತ್ತು. ಕಾರ್ಬೈಡ್ ಇನ್ಸರ್ಟ್ (ಬದಲಿಸಬಹುದಾದ ಗಟ್ಟಿ ಟೂಲ್ ತುದಿ) ಇದರ ಐದಾರು ಪಟ್ಟು ವೇಗ ಕೇಳುತ್ತದೆ.

ಟೂಲಿನ ತುದಿ ಜಾಬಿನ ಕೇಂದ್ರದ ಎತ್ತರಕ್ಕೇ ಇರಬೇಕು. ಕೆಳಗಿದ್ದರೆ ಫೇಸಿಂಗ್ (ತುದಿಮುಖ ಸಮ ಮಾಡುವುದು) ಮಾಡಿದಾಗ ನಡುವೆ ಗುಬುಟು ಉಳಿಯುತ್ತದೆ. ಮೇಲಿದ್ದರೆ ಟೂಲ್ ಕತ್ತರಿಸುವ ಬದಲು ಉಜ್ಜುತ್ತದೆ. ಯಂತ್ರ ನಿಲ್ಲಿಸಿ, ಟೂಲ್ ತುದಿಗೂ ಜಾಬಿಗೂ ನಡುವೆ ಸ್ಟೀಲ್ ಸ್ಕೇಲನ್ನು ಹಗುರಾಗಿ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ಅದರ ತಲೆ ನಿಮ್ಮಿಂದ ಆಚೆಗೆ ವಾಲಿದರೆ ಟೂಲ್ ಮೇಲಿದೆ, ನಿಮ್ಮತ್ತ ವಾಲಿದರೆ ಕೆಳಗಿದೆ.

ಕಲಿಯುವವರು ಅತಿ ಹೆಚ್ಚು ಜಾಬ್ ಕೆಡಿಸುವುದು ಕೊನೆಯ ಕಟ್‌ನಲ್ಲಿ. ಭಯಕ್ಕೆ 0.02 ಮಿ.ಮೀ. ಉಳಿಸಿಕೊಂಡು ತೆಗೆಯಲು ಹೋಗುತ್ತಾರೆ. ಇನ್ಸರ್ಟಿನ ಅಂಚು ಅಷ್ಟು ತೆಳುವಾದ ಪದರವನ್ನು ಕಚ್ಚುವುದಿಲ್ಲ, ಉಜ್ಜುತ್ತದೆ. ಆಮೇಲೆ ಒಮ್ಮೆಲೇ ಕಚ್ಚಿ ಅಳತೆ ಮೀರಿಸುತ್ತದೆ. ಬದಲಿಗೆ ವ್ಯಾಸದಲ್ಲಿ 0.6 ಉಳಿದಿರುವಾಗಲೇ ನಿಲ್ಲಿಸಿ, ತಣಿಸಿ, ಅಳೆದು, ಉಳಿದದ್ದನ್ನು ಎರಡು ಸಮ ಕಟ್ ಮಾಡಿಕೊಳ್ಳಿ. ಎರಡಕ್ಕೂ ವೇಗ, ಫೀಡ್ (ಟೂಲ್ ಮುಂದೆ ಸರಿಯುವ ದರ) ಒಂದೇ. ಮೊದಲ ಕಟ್‌ನಲ್ಲಿ ಟೂಲ್ ಎಷ್ಟು ಬಾಗಿತೋ ಎರಡನೆಯದರಲ್ಲೂ ಅಷ್ಟೇ ಬಾಗುತ್ತದೆ. ಮೊದಲನೆಯದರಲ್ಲಿ ಬಂದ ವ್ಯತ್ಯಾಸವನ್ನು ಡಯಲ್‌ನಲ್ಲಿ ಸರಿಪಡಿಸಿದರೆ ಎರಡನೆಯದು ಗುರಿ ಮುಟ್ಟುತ್ತದೆ.

ಚಕ್‌ನಿಂದ (ಜಾಬ್ ಕಚ್ಚಿ ಹಿಡಿಯುವ ಭಾಗ) ವ್ಯಾಸದ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಚಾಚಿದ ಸರಳು ಟೂಲಿಗೆ ಬೆದರಿ ಬಾಗುತ್ತದೆ, ತುದಿ ದಪ್ಪ ಉಳಿಯುತ್ತದೆ. ಟೇಲ್‌ಸ್ಟಾಕ್ (ಇನ್ನೊಂದು ತುದಿಗೆ ಆಸರೆ) ಕೊಟ್ಟ ಮೇಲೂ ಒಂದೇ ಸಮನೆ ಓರೆ ಬರುತ್ತಿದ್ದರೆ ಟೇಲ್‌ಸ್ಟಾಕೇ ಸರಿದಿದೆ; ನಿಮ್ಮ ಕಡೆಗೆ ಸರಿದಿದ್ದರೆ ಆ ತುದಿ ಸಣ್ಣಗಾಗುತ್ತದೆ. ಇನ್ನು ಸುರಕ್ಷತೆ: ಚಕ್ ಕೀಯನ್ನು ಚಕ್‌ನಲ್ಲಿ ಬಿಟ್ಟು ಕೈ ತೆಗೆಯಬೇಡಿ, ತಿರುಗುವ ಯಂತ್ರದ ಹತ್ತಿರ ಕೈಗವಸು ಬೇಡ, ಕನ್ನಡಕ ಕಡ್ಡಾಯ.

ಮಿಲ್ಲಿಂಗ್‌ನಲ್ಲಿ ಗಮನವೆಲ್ಲ ಹಿಡಿತದ ಮೇಲಿರಲಿ. ವೈಸ್ ಒರೆಸಿ, ಬರ್ ತೆಗೆದು, ಬಿಗಿ ಮಾಡಿ, ಮೆತ್ತನೆ ಸುತ್ತಿಗೆಯಿಂದ ಜಾಬನ್ನು ತಟ್ಟಿ ಕೂರಿಸಿ. ಕೆಳಗಿನ ಪ್ಯಾರಲಲ್ (ಜಾಬಿನ ಅಡಿ ಇಡುವ ಸಮದಪ್ಪದ ಪಟ್ಟಿ) ಬೆರಳಿಗೆ ಅಲುಗಿದರೆ ಜಾಬ್ ಎದ್ದಿದೆ. ಗ್ರೈಂಡಿಂಗ್ ಚಕ್ರ ಏರಿಸುವ ಮೊದಲು ಮರದ ಹಿಡಿಯಿಂದ ತಟ್ಟಿ ನಾದ ಕೇಳಿ. ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಸದ್ದು ಮಾಡುತ್ತದೆ.

ಸಿಎನ್‌ಸಿ

ಇಲ್ಲಿ ಯಂತ್ರ ಗುದ್ದುವುದಕ್ಕೆ ಸಾಮಾನ್ಯ ಕಾರಣ ಎರಡು: ಜಿ54ರಲ್ಲಿ (ಜಾಬಿನ ಸೊನ್ನೆ ಎಲ್ಲಿದೆ ಎನ್ನುವ ಕೋಡ್) ಕೊಟ್ಟ ಸೊನ್ನೆ ತಪ್ಪು, ಇಲ್ಲವೇ ಜಿ43 (ಟೂಲಿನ ಉದ್ದ ಲೆಕ್ಕಕ್ಕೆ ಹಿಡಿಯುವ ಕೋಡ್) ಜೊತೆ ಬೇರೆ ಟೂಲಿನ ಎಚ್ ಸಂಖ್ಯೆ. ಹೊಸ ಪ್ರೋಗ್ರಾಮನ್ನು ಮೊದಲು ಝಡ್ ಅಕ್ಷವನ್ನು 100 ಮಿ.ಮೀ. ಮೇಲಕ್ಕೆ ಎತ್ತಿ ಗಾಳಿಯಲ್ಲಿ ಓಡಿಸಿ. ಆಮೇಲೆ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು), ರ‍್ಯಾಪಿಡ್ (ಕತ್ತರಿಸದೆ ವೇಗವಾಗಿ ಸರಿಯುವ ಚಲನೆ) ಅತಿ ಕಡಿಮೆಗೆ ಇಳಿಸಿ, ಕಣ್ಣು ಪರದೆಯ ‘ಇನ್ನೆಷ್ಟು ದೂರ’ ಎಂಬ ಅಂಕಿಯ ಮೇಲೆ. ಟೂಲ್ ಜಾಬಿನಿಂದ 10 ಮಿ.ಮೀ. ದೂರದಲ್ಲಿ ನಿಂತಂತೆ ಕಂಡು ಪರದೆ 40 ಎಂದರೆ ಅಲ್ಲೇ ನಿಲ್ಲಿಸಿ. ಸಿಎನ್‌ಸಿ ಲೇಥ್‌ನಲ್ಲಿ ಮೊದಲ ಜಾಬ್ 25.01 ಬರಬೇಕಾದದ್ದು 25.04 ಬಂದರೆ ಪ್ರೋಗ್ರಾಂ ಮುಟ್ಟಬೇಡಿ; ಟೂಲ್ ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್‌ನ ಎಕ್ಸ್‌ನಲ್ಲಿ 0.03 ಕಳೆಯಿರಿ.

ಕೆಲಸಗಳು

ಎಲ್ಲರೂ ಹೊಕ್ಕುವ ಬಾಗಿಲು ಆಪರೇಟರ್ ಕೆಲಸ. ಜಾಬ್ ಹಾಕಿ, ಬಟನ್ ಒತ್ತಿ, ತೆಗೆಯುವುದರಲ್ಲೇ ನಿಂತರೆ ಅದನ್ನು ರೋಬಾಟ್ ಕೈ ಕೂಡ ಮಾಡುತ್ತದೆ. ಟೂಲ್ ಕೂರಿಸಿ ಆಫ್‌ಸೆಟ್ ಕೊಡಲು ಬಂದರೆ ಸೆಟ್ಟರ್. ಟೂಲಿನ ದಾರಿ ಬರೆಯುವ ಕ್ಯಾಮ್ ಸಾಫ್ಟ್‌ವೇರ್ ಸೇರಿದರೆ ಪ್ರೋಗ್ರಾಮರ್. ಯಂತ್ರದ ಬಳಿ ನಿಂತು ಬೆವರದ ಪ್ರೋಗ್ರಾಮರ್ ಬರೆದ ಟೂಲ್‌ಪಾತ್ ಪರದೆಯಲ್ಲಷ್ಟೇ ಚೆಂದ.

ಟೂಲ್ ಅಂಡ್ ಡೈ ಮೇಕರ್ (ತಗಡು ಕತ್ತರಿಸುವ ಡೈ, ಅದರೊಳಗಿಳಿಯುವ ಪಂಚ್ ಮಾಡುವವರು) ದಾರಿ ದೀರ್ಘ, ಆದರೆ ಅವರ ಕೈಗೆ ಬೆಲೆ ಬೇರೆ. 1 ಮಿ.ಮೀ. ಉಕ್ಕಿನ ತಗಡು ಕತ್ತರಿಸುವ ಡೈಯಲ್ಲಿ ಪಂಚಿನ ಪ್ರತಿ ಬದಿಗೆ ಸಂದು ಸುಮಾರು 0.05. ಪಂಚ್ 0.03 ಸರಿದರೂ ಒಂದು ಕಡೆ 0.02, ಇನ್ನೊಂದು ಕಡೆ 0.08. ಅಗಲದ ಕಡೆ ತಗಡಿಗೆ ಬರ್, ಇಕ್ಕಟ್ಟಿನ ಕಡೆ ಪಂಚಿನ ಅಂಚು ಸವೆತ. ತಗಡು ನೋಡಿಯೇ ಪಂಚ್ ಯಾವ ಕಡೆ ಸರಿದಿದೆ ಎನ್ನುವವರು ಈ ದಾರಿಗೆ ಹೇಳಿ ಮಾಡಿಸಿದವರು. ಸಾಮಾನ್ಯವಾಗಿ 0.25 ಮಿ.ಮೀ. ಹಿತ್ತಾಳೆ ತಂತಿಯಿಂದ ಗಟ್ಟಿ ಉಕ್ಕು ಕೊಯ್ಯುವ ವೈರ್ ಕಟ್, ಅಚ್ಚು ತಯಾರಿಕೆ, ಸಿಲಿಂಡ್ರಿಕಲ್ ಗ್ರೈಂಡಿಂಗ್ ಇದರ ನೆರೆಹೊರೆ. ಕತ್ತರಿಸುವುದಕ್ಕಿಂತ ಅನುಮಾನ ಪಡುವುದು ಇಷ್ಟವಾದರೆ ಸಿಎಂಎಂ (ಬಿಂದುಗಳನ್ನು ಮುಟ್ಟಿ ಅಳೆಯುವ) ಯಂತ್ರದ ಮೆಟ್ರಾಲಜಿ (ಅಳತೆ) ವಿಭಾಗಕ್ಕೆ ಹೋಗಿ; ವಿಮಾನದ ಬಿಡಿಭಾಗ, ದೇಹದೊಳಗೆ ಕೂರುವ ಇಂಪ್ಲಾಂಟ್ ಮಾಡುವಲ್ಲಿ ಪ್ರತಿ ಅಳತೆಗೂ ದಾಖಲೆ ಬೇಕು.

ಕೋರ್ಸ್ ಆರಿಸುವಾಗ ಕಟ್ಟಡ ನೋಡಬೇಡಿ. ವಾರಕ್ಕೆ ಎಷ್ಟು ಗಂಟೆ ಯಂತ್ರ ಸಿಗುತ್ತದೆ, ಒಂದು ಲೇಥ್‌ಗೆ ಎಷ್ಟು ಜನ, ಸ್ಲಿಪ್ ಗೇಜ್ ಪೆಟ್ಟಿಗೆ ಬೀಗದಲ್ಲಿದೆಯೋ ಬಳಕೆಯಲ್ಲಿದೆಯೋ ಕೇಳಿ. ಮಾಡಿದ ಅಭ್ಯಾಸದ ಜಾಬ್‌ಗಳನ್ನು ಎಣ್ಣೆ ಸವರಿ ಎತ್ತಿಡಿ. ಪ್ರತಿಯೊಂದರ ಜೊತೆ ಡ್ರಾಯಿಂಗ್ ಮತ್ತು ಒಂದು ಹಾಳೆ: ಕೇಳಿದ ಅಳತೆ, ಬಂದ ಅಳತೆ, ಅಳೆದ ಉಪಕರಣ, ಅಂದಿನ ಕೋಣೆಯ ತಾಪಮಾನ. ಸಂದರ್ಶನಕ್ಕೆ ಅವನ್ನೇ ಒಯ್ಯಿರಿ, ತಪ್ಪಿದ ಒಂದು ಜಾಬ್ ಮತ್ತು ಅದು ಯಾಕೆ ತಪ್ಪಿತೆಂಬ ಟಿಪ್ಪಣಿಯೂ ಜೊತೆಗಿರಲಿ.