ಮೊದಲ ಬೈಕಿಗೆ ಹಳೆಯ ನೂರು ಸಿಸಿ ಗಾಡಿಯೇ ಸರಿ: ನನ್ನ ಅನುಭವ

ಹೊಸಬರಿಗೆ ಹಳೆಯ ಸ್ಪ್ಲೆಂಡರ್ ಕೊಡಿಸೋಣ ಅಂದರೆ ನಮ್ಮ ಕಡೆ ಯಾರೂ ಒಪ್ಪುತ್ತಿರಲಿಲ್ಲ. ಆರು ತಿಂಗಳಿಗೆ ಬೇಜಾರಾಗುತ್ತೆ, 150 ಸಿಸಿ ತಗೊಳ್ಳಲಿ ಅನ್ನೋರು ಕೆಲವರು. ಸೆಕೆಂಡ್ ಹ್ಯಾಂಡ್ ಅಂದ್ರೆ ದುಡ್ಡೆಲ್ಲ ಗ್ಯಾರೇಜಿಗೆ ಅನ್ನೋರು ಇನ್ನು ಕೆಲವರು. ಈಗ ಅವರೇ ತಮ್ಮ ಮಕ್ಕಳಿಗೂ ಒಂದು ಗಾಡಿ ನೋಡಿಕೊಡಿ ಅಂತ ಬರುತ್ತಾರೆ.

ಸ್ಪ್ಲೆಂಡರ್ ತೂಕ ಸುಮಾರು 112 ಕೆಜಿ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195. ಹೊಸಬರು ಗಾಡಿ ಬೀಳಿಸೋದು ಹೆಚ್ಚಾಗಿ ಯೂ-ಟರ್ನ್‌ನಲ್ಲಿ, ಇಳಿಜಾರಲ್ಲಿ ನಿಲ್ಲಿಸುವಾಗ, ಕೆಸರಲ್ಲಿ. 112 ಕೆಜಿ ಆದರೆ ಕಾಲು ಕೊಟ್ಟು ತಡೆಯಬಹುದು. ಬಿದ್ದರೂ ಹೋಗೋದು ನೂರಿನ್ನೂರು ರೂಪಾಯಿಯ ಕ್ಲಚ್ ಲಿವರ್.

ಕೈಯಲ್ಲಿ 60 ಸಾವಿರ ಇದ್ದರೆ ಗಾಡಿಗೆ 45ರ ಮೇಲೆ ಹೋಗಬೇಡಿ. ಚೈನ್ ಮತ್ತು ಅದನ್ನು ಎಳೆಯುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, 1,300ರ ಹತ್ತಿರ, ಹಿಂದಿನ ಟೈರ್ 2,000, ಬ್ಯಾಟರಿ ಸಾವಿರದ ಚಿಲ್ಲರೆ, ಬ್ರೇಕ್ ಶೂ, ಕೇಬಲ್, ಆಯಿಲ್ ಸೇರಿ ಇನ್ನೊಂದೆರಡು ಸಾವಿರ. ಉಳಿದದ್ದು ಐಎಸ್‌ಐ ಹೆಲ್ಮೆಟ್, ವಿಮೆ, ವರ್ಗಾವಣೆಗೆ. ಟೈರ್ ನುಣುಪಾಗದಿದ್ದರೂ ಪಕ್ಕದ ನಾಲ್ಕಂಕಿ ಓದಿ: 2318 ಅಂದರೆ 2018ರ 23ನೇ ವಾರದ್ದು. ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತೆ.

ನಾನು ಹಟ ಹಿಡಿಯೋದು ತಣ್ಣಗಿನ ಎಂಜಿನ್‌ಗೆ. ಗಾಡಿ ನೋಡಲು ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಾಳೆ ಬರ್ತೀನಿ ಅಂತ ಹೊರಡಿ. ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ಸವೆದಿದ್ದರೆ ರಾತ್ರಿಯಿಡೀ ಆಯಿಲ್ ಒಳಗಿಳಿದು, ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ನೀಲಿ ಹೊಗೆ ಬರುತ್ತೆ, ಆಮೇಲೆ ಮಾಯ. ಇದು ಸಣ್ಣ ಕೆಲಸ. ಎಂಜಿನ್ ಬಿಸಿಯಾದ ಮೇಲೂ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಹೊಗೆ ಬಂದರೆ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಸವೆದಿದೆ, ಐದಾರು ಸಾವಿರ ಗ್ಯಾರಂಟಿ. ಕೆಲವರು ಮಂದ ಆಯಿಲ್ ಸುರಿದು ಹೊಗೆ, ಸದ್ದು ಎರಡನ್ನೂ ಮುಚ್ಚುತ್ತಾರೆ. ಚೈನ್ ತುಕ್ಕು ಹಿಡಿದಿದ್ದು ಆಯಿಲ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನಪಡಿ.

ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನಟ್ಟನಡುವೆ ಕಚ್ಚಿದಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಅಂಥ ಗಾಡಿಯನ್ನು ನಿಧಾನಕ್ಕೆ ಓಡಿಸುವಾಗ ಹೊಸಬರಿಗೆ ಬ್ಯಾಲೆನ್ಸ್ ಸಿಗೋದೇ ಇಲ್ಲ. ಮೀಟರ್ 20 ಸಾವಿರ ತೋರಿಸಿ ಬ್ರೇಕ್ ಪೆಡಲ್‌ನ ಗೆರೆಗಳು ಪೂರ್ತಿ ಸವೆದಿದ್ದರೆ ಮೀಟರ್ ನಂಬಬೇಡಿ. ಇನ್ನೆರಡು ಗುರುತುಗಳಿವೆ. ಬರೆದರೆ ಬ್ರೋಕರ್‌ಗಳು ನಾಳೆಯೇ ಸರಿಮಾಡಿಬಿಡುತ್ತಾರೆ, ಅದಕ್ಕೇ ಬರೆಯಲ್ಲ.

ಮೈಲೇಜ್ ಆಸೆಗೆ ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಹೆಚ್ಚಿಸಿಯೂ ನೋಡಿದ್ದಾಯಿತು. ಸಪಾಟು ರಸ್ತೆಯಲ್ಲಿ ಹಾಯಾಗಿತ್ತು. ಘಾಟಿಯಲ್ಲಿ ಇಬ್ಬರು ಕೂತರೆ ಎರಡನೇ ಗೇರಿನಲ್ಲೇ ಏದುಸಿರು. ಹೊಸಬರಿಗಂತೂ ಬೇಡ, ಗೇರ್ ಇಳಿಸದೆ ಎಂಜಿನ್ ಆಫ್ ಮಾಡಿಕೊಳ್ಳುತ್ತಾರೆ.

ಕಾಗದಪತ್ರ ನೋಡುವಾಗ ಗಾಡಿ ಮೇಲಿನ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ, ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಎದುರಿಗೇ ಸಹಿ ಹಾಕಿಸಿ. ಸಾಲದ ಗಾಡಿ ಆಗಿದ್ದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಮುಂಗಡವನ್ನೂ ಕೊಡಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಎರಡು ಮೂರು ಸಾವಿರ ಹಿಡಿದಿಟ್ಟುಕೊಳ್ಳುತ್ತೇನೆ ಅಂತ ಮಾತಿನ ಮೊದಲೇ ಹೇಳಿಬಿಡಿ. ನಿಯತ್ತಿನ ಮಾಲೀಕರು ಬೇಡ ಅನ್ನಲ್ಲ.